ಅಹಲ್ಯಾಬಾಯಿ ಹೋಳ್ಕರ್: ದಾನದ ಹಣ ಯಾವ ಖಾತೆಯದು?

18ನೇ ಶತಮಾನದಲ್ಲಿ ಮಾಳವದ ಹೋಳ್ಕರ್ ರಾಜ್ಯವನ್ನಾಳಿದ ಮರಾಠಾ ರಾಣಿ ಅಹಲ್ಯಾಬಾಯಿ. ಮಹಾರಾಷ್ಟ್ರದ ಸೊಲ್ಲಾಪುರ ವಿಶ್ವವಿದ್ಯಾಲಯಕ್ಕೆ ಪುಣ್ಯಶ್ಲೋಕ ಅಹಲ್ಯಾದೇವಿ ಹೋಳ್ಕರ್ ಎಂದು ಆಕೆಯ ಹೆಸರಿದೆ. ಪಕ್ಕದ ಅಹಮದನಗರ ಜಿಲ್ಲೆಯೂ ಈಗ ಅಹಿಲ್ಯಾನಗರವಾಗಿದೆ. ಹೀಗಾಗಿ ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಜತ್ತ ಕಡೆಯ ಕನ್ನಡ ಮಾಧ್ಯಮದ ವಿದ್ಯಾರ್ಥಿಗಳಿಗೆ ಈ ಹೆಸರು ಹೊಸದೇನಲ್ಲ. ಆದರೆ ಪರೀಕ್ಷೆಯಲ್ಲಿ ಆಕೆಯ ಬಗ್ಗೆ ಬರೆಯಿರಿ ಎಂದ ಕೂಡಲೇ ನಮ್ಮ ಪೆನ್ನು ಕಾಶಿ, ಸೋಮನಾಥ, ಗಯಾ ಎಂದು ದೇವಾಲಯಗಳ ಪಟ್ಟಿಗೆ ಹೊರಡುತ್ತದೆ. ಪಟ್ಟಿ ಸರಿಯೇ. ಅದನ್ನು ಬಾಯಿಪಾಠ ಮಾಡಿದವರಿಗೆ ಅಂಕವೂ ಸಿಗುತ್ತದೆ. ಆದರೆ ಆಕೆಯ ಮನಸ್ಸು ಎಂಥದೆಂದು ಅದರಿಂದ ತಿಳಿಯುವುದಿಲ್ಲ. ಅದಕ್ಕೆ ಹಣ ಎಲ್ಲಿಂದ ಬಂತು, ಯಾರ ಹೊಟ್ಟೆಗೆ, ಯಾರ ಬಾಯಾರಿಕೆಗೆ ಹೋಯಿತು ಎಂದು ನೋಡಬೇಕು.

ಮೊದಲು ಜೀವನವನ್ನು ಚುಟುಕಾಗಿ ನೋಡೋಣ. ಹುಟ್ಟಿದ್ದು 1725ರ ಮೇ 31, ಅಹಮದನಗರ ಸೀಮೆಯ ಚೌಂಡಿ ಗ್ರಾಮದಲ್ಲಿ. ತಂದೆ ಮಾಣಕೋಜಿ ಶಿಂದೆ ಊರಿನ ಪಾಟೀಲ, ಧನಗರ ಕುಲದವರು. ಮಗಳಿಗೆ ಓದುಬರಹ ಕಲಿಸಿದವರು ಅವರೇ. ಮಾಳವದ ಸರದಾರ ಮಲ್ಹಾರರಾವ್ ಹೋಳ್ಕರರ ಮಗ ಖಂಡೇರಾವ್ ಜೊತೆ ಬಾಲ್ಯದಲ್ಲೇ ಮದುವೆಯಾಯಿತು. ಹೋಳ್ಕರರ ಕುಲದೈವ ಜೇಜುರಿಯ ಖಂಡೋಬಾ, ನಮ್ಮ ಕಡೆಯವರ ಮೈಲಾರಲಿಂಗ. 1754ರಲ್ಲಿ ಕುಂಭೇರ್ ಕೋಟೆಯ ಮುತ್ತಿಗೆಯಲ್ಲಿ ಖಂಡೇರಾವ್ ತೀರಿಕೊಂಡಾಗ ಸಹಗಮನಕ್ಕೆ ಸಿದ್ಧಳಾದ ಸೊಸೆಯನ್ನು ಮಾವನೇ ತಡೆದು ನಿಲ್ಲಿಸಿದರು. 1766ರಲ್ಲಿ ಮಾವ, ಮರುವರ್ಷ ಮಗ ಮಾಲೇರಾವ್ ತೀರಿಕೊಂಡರು. ದಿವಾನ ಗಂಗಾಧರ ಯಶವಂತ ಚಂದ್ರಚೂಡ ಒಂದು ಮಗುವನ್ನು ದತ್ತು ತೆಗೆದುಕೊಳ್ಳಿ, ಆಡಳಿತ ನಾನು ನೋಡಿಕೊಳ್ಳುತ್ತೇನೆ ಎಂದ. ಪೇಶ್ವೆಯ ಚಿಕ್ಕಪ್ಪ ರಘುನಾಥರಾವ್ ಅವನ ಬೆನ್ನಿಗಿದ್ದರು. ಅಹಲ್ಯಾಬಾಯಿ ಒಪ್ಪಲಿಲ್ಲ. ಇತರ ಮರಾಠಾ ಸರದಾರರ ಬೆಂಬಲ ಕೂಡಿಸಿಕೊಂಡು, ಪೇಶ್ವೆ ಮಾಧವರಾಯರ ಒಪ್ಪಿಗೆ ಪಡೆದು, ಸೈನ್ಯದ ಹೊಣೆಯನ್ನು ತುಕೋಜಿ ಹೋಳ್ಕರರಿಗೆ ವಹಿಸಿ, ನರ್ಮದೆಯ ದಡದ ಮಹೇಶ್ವರದಿಂದ 1795ರ ಆಗಸ್ಟ್ 13ರಂದು ತೀರಿಕೊಳ್ಳುವವರೆಗೆ ರಾಜ್ಯವಾಳಿದರು. ಪರೀಕ್ಷೆಗೆ ಇಷ್ಟು ಸಾಕು.

ಈಗ ಖಾತೆಯ ಮಾತಿಗೆ ಬರೋಣ. ಹೋಳ್ಕರರಲ್ಲಿ ಎರಡು ಲೆಕ್ಕಗಳಿದ್ದವು. ಒಂದು ದೌಲತ್, ಅಂದರೆ ರಾಜ್ಯದ ಆದಾಯ. ಸೈನ್ಯ, ಆಡಳಿತ, ಪೇಶ್ವೆಗೆ ಸಲ್ಲುವ ಪಾಲು ಎಲ್ಲ ಅದರಿಂದ. ಇನ್ನೊಂದು ಖಾಸಗಿ. 1734ರಲ್ಲಿ ಮಲ್ಹಾರರಾಯರ ಪತ್ನಿ ಗೌತಮಾಬಾಯಿಯ ಹೆಸರಿಗೆ ಪ್ರತ್ಯೇಕವಾಗಿ ಕೊಟ್ಟ ಹಳ್ಳಿಗಳ ಉತ್ಪನ್ನ ಅದು. ಮನೆತನದ ಹೆಣ್ಣುಮಕ್ಕಳ ಕೈಯಲ್ಲಿದ್ದ ಆ ಗಂಟು ಅತ್ತೆಯಿಂದ ಸೊಸೆಗೆ ಬಂತು. ನದಿಯ ಸ್ನಾನಘಟ್ಟ, ಗುಡಿ, ಛತ್ರ, ಬಾವಿಗಳ ಖರ್ಚನ್ನು ಅಹಲ್ಯಾಬಾಯಿ ಮುಖ್ಯವಾಗಿ ಇದರಿಂದಲೇ ನಡೆಸಿದರು. ರೈತನ ಕಂದಾಯ ತೆಗೆದು ಪುಣ್ಯ ಕಟ್ಟಿಕೊಳ್ಳುವುದು ಯಾವ ಅರಸನಿಗೂ ಸುಲಭ. ಸ್ವಂತದ ಗಂಟು ಬಿಚ್ಚಿದ್ದು ಆಕೆಯ ಹೆಚ್ಚುಗಾರಿಕೆ ಎಂದು ನನ್ನ ಅಭಿಪ್ರಾಯ.

ಇನ್ನೊಂದು ಅಂಶವನ್ನೂ ಗುರುತು ಹಾಕಿಕೊಳ್ಳಿ. 1780ರ ಸುಮಾರಿಗೆ ಮತ್ತೆ ಎದ್ದ ಕಾಶಿ ವಿಶ್ವನಾಥ ಮಂದಿರವಾಗಲಿ, ಗಯೆಯ ವಿಷ್ಣುಪಾದವಾಗಲಿ, 1783ರ ಸೋಮನಾಥವಾಗಲಿ ಹೋಳ್ಕರರ ನೆಲದಲ್ಲಿರಲಿಲ್ಲ. ನಮ್ಮ ಪಂಢರಪುರದಲ್ಲೂ ಚಂದ್ರಭಾಗೆಯ ಬದಿಗೆ ಹೋಳ್ಕರ್ ವಾಡೆ ಇದೆ. ಈ ಊರುಗಳಿಂದ ಆಕೆಗೆ ಒಂದು ಕಾಸಿನ ಕಂದಾಯವೂ ಬರುವಂತಿರಲಿಲ್ಲ. ಲಾಭ ಆಗಿದ್ದು ದಾರಿ ನಡೆದು ಬರುವ ಯಾತ್ರಿಕರಿಗೆ. 12ನೇ ಶತಮಾನದ ಸೊನ್ನಲಿಗೆಯಲ್ಲಿ, ಅಂದರೆ ಈಗಿನ ಸೊಲ್ಲಾಪುರದಲ್ಲಿ, ಕೆರೆ ಕಟ್ಟಿಸಿದ ಸಿದ್ಧರಾಮನನ್ನು ಓದಿದವರಿಗೆ ಈ ಮನೋಧರ್ಮ ಅರ್ಥವಾಗಲು ಹೆಚ್ಚು ವಿವರಣೆ ಬೇಕಿಲ್ಲ.

ಆಕೆಯ ಕರುಣೆಯ ಬಗ್ಗೆ ನಮಗೆ ಸಿಗುವ ಹತ್ತಿರದ ಚಿತ್ರಗಳಲ್ಲಿ ಹಲವು ಬ್ರಿಟಿಷ್ ಅಧಿಕಾರಿ ಜಾನ್ ಮಾಲ್ಕಮ್ ಬರೆದಿಟ್ಟವು. ಆಕೆ ತೀರಿಕೊಂಡು ಕಾಲು ಶತಮಾನದ ಮೇಲೆ, ಆಕೆಯನ್ನು ಕಂಡವರನ್ನು ಕೇಳಿ ಅವನು ಬರೆದ. ಹಳೆಯವರ ನೆನಪಿನಲ್ಲಿ ಅಭಿಮಾನ ಬೆರೆತಿರುತ್ತದೆ ಎಂಬ ಎಚ್ಚರ ನಮಗಿರಲಿ. ಆದರೂ ವಿವರಗಳು ಸೊಗಸಾಗಿವೆ. ದಿನವೂ ಬಡವರಿಗೆ ಊಟ, ಬೇಸಿಗೆಯಲ್ಲಿ ದಾರಿಬದಿಯ ಅರವಟ್ಟಿಗೆ, ಚಳಿ ಶುರುವಾದೊಡನೆ ಮುದುಕರಿಗೂ ಅಶಕ್ತರಿಗೂ ಬಟ್ಟೆ. ಮಹೇಶ್ವರದ ಸುತ್ತ ಸುಡುಬಿಸಿಲಿನಲ್ಲಿ ರೈತ ನೇಗಿಲು ಹೊಡೆಯುತ್ತಿದ್ದರೆ ಆಕೆಯ ಆಳೊಬ್ಬ ಬಂದು ಎತ್ತುಗಳನ್ನು ನಿಲ್ಲಿಸಿ ನೀರು ಕುಡಿಸುತ್ತಿದ್ದ. ನರ್ಮದೆಯ ಮೀನುಗಳಿಗೂ ಆಹಾರದ ಪಾಲು ಇತ್ತು.

ಇವೆಲ್ಲಕ್ಕಿಂತ ನನಗೆ ಮುಖ್ಯವೆನಿಸುವುದು ಹಕ್ಕಿಗಳ ಹೊಲ. ತೆನೆ ಬಲಿತ ಜೋಳದ ಹೊಲದಲ್ಲಿ ಅಟ್ಟಣೆ ಹತ್ತಿ ಕವಣೆ ಬೀಸಿದವರು ನಮ್ಮ ಮನೆಗಳಲ್ಲೇ ಇದ್ದಾರೆ. ಹಕ್ಕಿ ಓಡಿಸಬೇಡಿ ಎಂದು ಅರಮನೆಯಿಂದ ಅಪ್ಪಣೆ ಬಂದಿದ್ದರೆ ರೈತ ಏನನ್ನುತ್ತಿದ್ದ ಎಂಬುದನ್ನು ಹೇಳಬೇಕಿಲ್ಲ. ಅಹಲ್ಯಾಬಾಯಿ ಹಾಗೆ ಮಾಡಲಿಲ್ಲ. ರೈತ ತನ್ನ ಬದುಕಿನ ಕಾಳನ್ನು ಕಾಯುವುದು ನ್ಯಾಯವೇ ಎಂದು ಒಪ್ಪಿಕೊಂಡು, ಬೇರೆ ಹೊಲಗಳನ್ನು ದುಡ್ಡು ಕೊಟ್ಟು ಕೊಂಡು, ಅಲ್ಲಿಯ ಬೆಳೆಯನ್ನು ಹಕ್ಕಿಗಳಿಗೆ ಬಿಟ್ಟರು. ಒಬ್ಬರ ಮೇಲಿನ ದಯೆಯ ಹೊರೆಯನ್ನು ಇನ್ನೊಬ್ಬರ ಹೆಗಲಿಗೆ ಹಾಕಲಿಲ್ಲ. ಇಂಥ ದಯೆ ಕಂಡು ನಮಗೆ ನಗು ಬರಬಹುದು ಎಂದು ಮಾಲ್ಕಮ್ ಬರೆದ, ಕೆಲವರಿಗೆ ಇದು ಕರುಣೆಯ ಅತಿರೇಕವೆನಿಸಲೂಬಹುದು. ನನಗೇನೋ ಇದರಲ್ಲಿ ಅತಿರೇಕಕ್ಕಿಂತ ಲೆಕ್ಕಾಚಾರವೇ ಕಾಣುತ್ತದೆ.

ನ್ಯಾಯದ ವಿಷಯದಲ್ಲೂ ಅದೇ ಬುದ್ಧಿ. ದೇವಿಚಂದ್ ಎಂಬ ಸಾಹುಕಾರ ಮಕ್ಕಳಿಲ್ಲದೆ ಸತ್ತಾಗ ಇಂದೂರಿನ ಬಳಿ ಬೀಡುಬಿಟ್ಟಿದ್ದ ತುಕೋಜಿ ಆಸ್ತಿಯಲ್ಲಿ ಪಾಲಿಗೆ ಕೈ ಹಾಕಿದರು. ವಿಧವೆ ಮಹೇಶ್ವರಕ್ಕೆ ಓಡಿ ಬಂದಳು. ಅಹಲ್ಯಾಬಾಯಿ ಅವಳಿಗೆ ಉಡುಗೊರೆ ಕೊಟ್ಟು ವಾರಸುದಾರಳೆಂದು ಗುರುತಿಸಿ, ತುಕೋಜಿಗೆ ಅಲ್ಲಿಂದ ಡೇರೆ ಕೀಳಲು ಹೇಳಿ ಕಳಿಸಿದರು. ದಾರಿಹೋಕರನ್ನು ದೋಚುತ್ತಿದ್ದ ಭಿಲ್ಲರ ವಿಷಯದಲ್ಲಿ ದಂಡನೆಯ ಜೊತೆಗೆ ಒಪ್ಪಂದವನ್ನೂ ಮಾಡಿಕೊಂಡರು. ಹಾದುಹೋಗುವ ಸರಕಿನ ಮೇಲೆ ಅವರ ರೂಢಿಯ ಸುಂಕವನ್ನು ಒಪ್ಪಿ, ಬದಲಿಗೆ ದಾರಿಯ ಕಾವಲನ್ನು ಅವರ ಹೊಣೆಯಾಗಿಸಿದರು.

ಹೊಗಳಿಕೆಯ ಬಗ್ಗೆ ಒಂದು ಪ್ರಸಂಗವಿದೆ. ಬ್ರಾಹ್ಮಣನೊಬ್ಬ ಆಕೆಯ ಸ್ತುತಿಯ ಗ್ರಂಥ ಬರೆದು ತಂದ. ತಾಳ್ಮೆಯಿಂದ ಕೇಳಿದ ಆಕೆ, ತಾನು ದುರ್ಬಲ ಪಾಪಿ ಹೆಂಗಸು, ಇಷ್ಟು ಹೊಗಳಿಕೆಗೆ ಪಾತ್ರಳಲ್ಲ ಎಂದು ಗ್ರಂಥವನ್ನು ನರ್ಮದೆಗೆ ಹಾಕಿಸಿದರು. ಪೊನ್ನನ ಕಾವ್ಯವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದ ನಮ್ಮ ಅತ್ತಿಮಬ್ಬೆ ಪಕ್ಕದಲ್ಲಿದ್ದಿದ್ದರೆ ಓಲೆಗರಿಗಾಗಿ ಮರುಗುತ್ತಿದ್ದಳೇನೋ.

ಕಷ್ಟದ ಪುಟವನ್ನು ಬಿಡಬಾರದು. 1791ರಲ್ಲಿ ಅಳಿಯ ಯಶವಂತರಾವ್ ಫಣಸೆ ತೀರಿಕೊಂಡಾಗ ಮಗಳು ಮುಕ್ತಾಬಾಯಿ ಚಿತೆ ಏರಲು ನಿಂತಳು. ಅವಳ ಮಗ ಮೊದಲೇ ತೀರಿಹೋಗಿದ್ದ. ಅಹಲ್ಯಾಬಾಯಿ ಬೇಡಿಕೊಂಡರು. ನೀನು ಮುದುಕಿ, ನೀನೂ ಹೋದ ಮೇಲೆ ನನಗೆ ಯಾರು ಎಂಬ ಅರ್ಥದ ಉತ್ತರ ಬಂತು. ಮಾವ ತನಗೆ ಮಾಡಿದ್ದನ್ನು ತಾಯಿಯಾಗಿ ಆಕೆ ಮಗಳಿಗೆ ಮಾಡಲಾಗಲಿಲ್ಲ. ಎತ್ತಿನ ಬಾಯಾರಿಕೆಯನ್ನೂ ಗಮನಿಸಿದ ರಾಣಿ ಈ ಪದ್ಧತಿಯನ್ನೇ ನಿಷೇಧಿಸಲಿಲ್ಲ. ಭಕ್ತಿಯ ಲೇಖನಗಳು ಇದನ್ನು ದಾಟಿಹೋಗುತ್ತವೆ. ಉತ್ತರದಲ್ಲಿ ಎರಡು ಸಾಲಾದರೂ ಬರೆಯಿರಿ.

ಖಾಸಗಿಯ ಕಥೆ ಆಕೆಯೊಂದಿಗೆ ಮುಗಿಯಲಿಲ್ಲ. ದೇಶದುದ್ದಕ್ಕೂ ಚದುರಿದ್ದ ಆ ಘಟ್ಟ, ಛತ್ರ, ಗುಡಿಗಳನ್ನು ನೋಡಿಕೊಳ್ಳಲು 1962ರಲ್ಲಿ ಇಂದೂರಿನಲ್ಲಿ ಖಾಸಗಿ ಟ್ರಸ್ಟ್ ರಚನೆಯಾಯಿತು. ಆಸ್ತಿಗಳು ಯಾರವೆಂಬ ವ್ಯಾಜ್ಯ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 2022ರಲ್ಲಿ ಕೋರ್ಟು, ಟ್ರಸ್ಟ್ ಮಧ್ಯಪ್ರದೇಶದ ಸಾರ್ವಜನಿಕ ಟ್ರಸ್ಟ್ ಕಾಯ್ದೆಗೆ ಒಳಪಡುತ್ತದೆ ಎಂದು ತೀರ್ಪು ಕೊಟ್ಟಿತು.