ವಿಮ್, ನಿಯೋವಿಮ್: ಮನೆ ಎರಡಾದ ಕತೆ

ಕೋಡ್ ಬರೆಯಲು, ತಿದ್ದಲು ಬಳಸುವ ವಿಮ್ ಎಂಬ ಎಡಿಟರ್ ಕಲಿಯಲು ಕೂತ ಹೊಸಬರು ಹೇಗೋ ಏನೋ ಅದರಿಂದ ಹೊರಬರುವುದನ್ನು ಕಲಿತ ಮೇಲೆ ಕೇಳುವ ಪ್ರಶ್ನೆ ಒಂದೇ: ನಿಯೋವಿಮ್ ಅಂತ ಇನ್ನೊಂದಿದೆಯಲ್ಲ, ಎರಡರಲ್ಲಿ ಅಸಲಿ ಯಾವುದು? ಉತ್ತರ ಕೊಡುವವರು ಹೆಚ್ಚಾಗಿ ಯಾವುದೋ ಒಂದು ಪಕ್ಷ ಹಿಡಿದೇ ಮಾತು ಶುರು ಮಾಡುತ್ತಾರೆ. 2023ರ ಆಗಸ್ಟ್ 3ರಂದು ವಿಮ್ ಬರೆದ ಬ್ರಾಮ್ ಮೂಲೆನಾರ್ ತೀರಿಕೊಂಡ ಮೇಲಂತೂ ಹಳೆಯ ಜಗಳಕ್ಕೆ ಹೊಸ ಅರ್ಥಗಳು ಅಂಟಿಕೊಂಡಿವೆ.

ವಿಮ್‌ಗೆ ಮಾದರಿಯಾದ ಮೂಲ ವಿ-ಐ ಎಡಿಟರನ್ನು 1976ರ ಹೊತ್ತಿಗೆ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಬಿಲ್ ಜಾಯ್ ಬರೆದರು. ಅದರ ಸೋರ್ಸ್ ಕೋಡ್ ಎಟಿ ಅಂಡ್ ಟಿ ಕಂಪನಿಯ ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಂನ ಲೈಸೆನ್ಸಿಗೆ ಸಿಕ್ಕಿಕೊಂಡಿತ್ತು. ಹಾಗಾಗಿ ಬೇರೆ ಯಂತ್ರದವರು ತಮಗೆ ಬೇಕಾದ ತದ್ರೂಪನ್ನು ತಾವೇ ಬರೆದುಕೊಂಡರು. ನೆದರ್ಲೆಂಡ್ಸ್‌ನ ಬ್ರಾಮ್ 1988ರಲ್ಲಿ ಅಮಿಗಾ ಕಂಪ್ಯೂಟರ್ ಕೊಂಡಾಗ ಅದಕ್ಕೆ ಒಪ್ಪುವ ವಿ-ಐ ಸಿಗಲಿಲ್ಲ. ಅಟಾರಿ ಎಸ್‌ಟಿಗೆಂದು ಟಿಮ್ ಥಾಂಪ್ಸನ್ ಬರೆದಿದ್ದ 'ಸ್ಟೀವಿ' ಎಂಬ ವಿ-ಐ ತದ್ರೂಪನ್ನು ಆಧಾರವಾಗಿಟ್ಟುಕೊಂಡು ತಿದ್ದತೊಡಗಿದರು. 1991ರಲ್ಲಿ ಅದು ಅಮಿಗಾ ಬಳಸುವವರಿಗೆ ತಂತ್ರಾಂಶ ಹಂಚುತ್ತಿದ್ದ ಫ್ರೆಡ್ ಫಿಶ್ ಸಂಗ್ರಹದ 591ನೇ ಫ್ಲಾಪಿಯಲ್ಲಿ ಹೊರಬಂತು. ಆಗ ಹೆಸರಿನ ಅರ್ಥ 'ವಿ-ಐ ಇಮಿಟೇಶನ್', ಅಂದರೆ ಬರೀ ಅನುಕರಣೆ. ಯುನಿಕ್ಸ್‌ಗೆ ಬಂದ ಮೇಲೆ ಅದೇ ಅಕ್ಷರಗಳು 'ವಿ-ಐ ಇಂಪ್ರೂವ್ಡ್' ಆದವು. ಕೋಡಿನ ಭಾಗಗಳಿಗೆ ಬೇರೆಬೇರೆ ಬಣ್ಣ ಹಚ್ಚುವುದು, ಉದ್ದ ಭಾಗವನ್ನು ಮಡಿಸಿಡುವ ಫೋಲ್ಡಿಂಗ್, ಟ್ಯಾಬ್ ಎಲ್ಲ ಒಂದೊಂದಾಗಿ ಸೇರಿ ಇಪ್ಪತ್ತು ವರ್ಷ ಕಳೆಯಿತು.

ನಡುವೆ 1994ರಲ್ಲಿ ಬ್ರಾಮ್ ಉಗಾಂಡಾದ ಕಿಬಾಲೆಯ ಮಕ್ಕಳ ಕೇಂದ್ರಕ್ಕೆ ಹೋಗಿ, ನೀರು-ನೈರ್ಮಲ್ಯದ ಕೆಲಸ ನೋಡಿಕೊಂಡು ಒಂದು ವರ್ಷ ಇದ್ದು ಬಂದರು. ಅಲ್ಲಿಂದ ಮುಂದೆ ವಿಮ್ 'ಚಾರಿಟಿವೇರ್' ಆಯಿತು: ತಂತ್ರಾಂಶಕ್ಕೆ ಕಾಸು ಬೇಡ, ಮನಸ್ಸಿದ್ದರೆ ಆ ಮಕ್ಕಳಿಗೆ ಕೊಡಿ. ಫೈಲ್ ಹೆಸರು ಕೊಡದೆ ಸುಮ್ಮನೆ ವಿಮ್ ತೆರೆದು ನೋಡಿ. ಎಡ ಅಂಚಿನಲ್ಲಿ ಸಾಲುಸಾಲು ಅಲೆಗೆರೆ, ನಡುವೆ ಉಗಾಂಡಾದ ಬಡ ಮಕ್ಕಳಿಗೆ ನೆರವಾಗಿ ಎಂಬ ಸಾಲು. ಅದನ್ನು ಜಾಹೀರಾತು ಎಂದುಕೊಂಡು ಓದದೆ ದಾಟಿದವರೇ ಜಾಸ್ತಿ.

ಜಗಳದ ಬೇರು ಇರುವುದು ಕೆಲಸ ನಡೆಯುತ್ತಿದ್ದ ರೀತಿಯಲ್ಲಿ. ಯಾರು ಬೇಕಾದರೂ ಪ್ಯಾಚ್, ಅಂದರೆ ಕೋಡಿನ ತಿದ್ದುಪಡಿ, ಕಳಿಸಬಹುದಿತ್ತು, ಆದರೆ ಒಳಗೆ ಸೇರಿಸುತ್ತಿದ್ದವರು ಬ್ರಾಮ್ ಒಬ್ಬರೇ. ಪ್ರತಿ ಪ್ಯಾಚಿಗೂ ಒಂದು ಸಂಖ್ಯೆ, ಕೆಳಗೆ 'ಪ್ರಾಬ್ಲಂ' ಎಂದು ಒಂದು ಸಾಲು, 'ಸಲ್ಯೂಷನ್' ಎಂದು ಇನ್ನೊಂದು, ಕೊನೆಗೆ ಕಂಸದಲ್ಲಿ ಬರೆದುಕೊಟ್ಟವರ ಹೆಸರು. 7.4 ಆವೃತ್ತಿಯೊಂದಕ್ಕೇ ಇಂಥವು 2,300 ದಾಟಿದ್ದವು. ಇಷ್ಟನ್ನೂ ಒಬ್ಬರೇ ಕೂತು ಓದಿದ್ದರು ಎಂಬುದನ್ನು 'ವಿಮ್ ನಿಧಾನ' ಎಂದು ಗೊಣಗುವವರು ಒಮ್ಮೆ ನೆನೆಯಬೇಕು.

ಆದರೆ ಗೊಣಗಾಟಕ್ಕೂ ಕಾರಣವಿತ್ತು. ಆಗಿನ ವಿಮ್‌ನಲ್ಲಿ ಪ್ಲಗಿನ್ (ಹೊರಗಿನಿಂದ ಸೇರಿಸಿಕೊಳ್ಳುವ ಸಣ್ಣ ತಂತ್ರಾಂಶ) ಒಂದು ಕೆಲಸಕ್ಕೆ ಇಳಿದರೆ ಎಡಿಟರ್ ಪೂರ್ತಿ ನಿಂತುಬಿಡುತ್ತಿತ್ತು. ಫೈಲ್ ಸೇವ್ ಮಾಡುತ್ತೀರಿ, ತಪ್ಪು ಹುಡುಕುವ ಪ್ಲಗಿನ್ ಓಡುತ್ತದೆ, ಕರ್ಸರ್ ಕಲ್ಲಾಗುತ್ತದೆ. ನೀವು ಒತ್ತಿದ ಕೀಲಿಗಳೆಲ್ಲ ಎರಡು ಸೆಕೆಂಡ್ ಬಿಟ್ಟು ಒಟ್ಟಿಗೆ ಬಂದು ಬೀಳುತ್ತವೆ. ಇದನ್ನು ತಪ್ಪಿಸಲು ಥಿಯಾಗೊ ಡಿ ಅರುಡಾ ಎಂಬ ಪ್ರೋಗ್ರಾಮರ್ 2013ರ ಕೊನೆಯ ಹೊತ್ತಿಗೆ ಒಂದು ದೊಡ್ಡ ಪ್ಯಾಚ್ ಬರೆದರು. ಅದು ಒಳಗೆ ಸೇರಲಿಲ್ಲ. ಅಮಿಗಾ ಕಾಲದಿಂದ ಹತ್ತಾರು ಯಂತ್ರಗಳಲ್ಲಿ ಓಡುತ್ತ ಬಂದ, ಸುಮಾರು 3 ಲಕ್ಷ ಸಾಲಿನ ಸಿ ಭಾಷೆಯ ಕೋಡ್ ವಿಮ್‌ನದು. ಅದರ ನಡುವೆ ಇಷ್ಟು ದೊಡ್ಡ ಬದಲಾವಣೆ ತುರುಕಲು ಹಿಂದೆಮುಂದೆ ನೋಡುವುದು ಅತಿ ಎನಿಸುವುದಿಲ್ಲ. ನಾಳೆ ಕೆಟ್ಟರೆ ರಿಪೇರಿ ಮಾಡಬೇಕಾದವರಿಗೆ 'ಬೇಡ' ಎನ್ನುವುದೂ ಕೆಲಸವೇ. ಕಾದು ಸುಸ್ತಾದವರಿಗೆ ಮಾತ್ರ ಅದು ಮುಚ್ಚಿದ ಬಾಗಿಲಿನಂತೆ ಕಂಡಿತು.

2014ರಲ್ಲಿ ಅರುಡಾ ಕೋಡಿನ ಪ್ರತಿ ತೆಗೆದುಕೊಂಡು ನಿಯೋವಿಮ್ ಶುರು ಮಾಡಿದರು. 10,000 ಡಾಲರ್ ಗುರಿಯಿಟ್ಟು ಜನರಲ್ಲಿ ಹಣ ಕೇಳಿದರು, ಬಂದದ್ದು 30,000 ಮೀರಿತು. ಅತೃಪ್ತಿ ಎಷ್ಟಿತ್ತೆಂದು ಹೇಳಲು ಅಷ್ಟು ಸಾಕು. ಹಳೆಯ ಯಂತ್ರಗಳ ಕೋಡನ್ನು ಕಿತ್ತು ಬಿಸಾಡಿದರು, ಸೇರಿಸುವ ಹಕ್ಕನ್ನು ಹಲವರಿಗೆ ಹಂಚಿದರು. ಎರಡು ವರ್ಷದಲ್ಲಿ, 2016ರ ಸೆಪ್ಟೆಂಬರಿನಲ್ಲಿ, ವಿಮ್ 8 ಬಂತು. ಅದರ ಮುಖ್ಯ ಸುದ್ದಿ ಏನು? ಪ್ಲಗಿನ್ ಹಿನ್ನೆಲೆಯಲ್ಲಿ ಓಡುವ ಸೌಲಭ್ಯ! ಕವಲೊಡೆಯದೆ ಇದ್ದಿದ್ದರೂ ಆಗಲೇ ಬರುತ್ತಿತ್ತು ಎಂದು ನಂಬುವುದು ನನಗಂತೂ ಕಷ್ಟ.

ಮುಂದಿನ ದಾರಿಗಳು ದೂರದೂರ ಹೋದವು. ನಿಯೋವಿಮ್ ಲುವಾ ಭಾಷೆಗೆ ಒಲಿಯಿತು. ಬ್ರಾಮ್ 2022ರ ವಿಮ್ 9ಕ್ಕೆ ತಮ್ಮದೇ ಹೊಸ ಸ್ಕ್ರಿಪ್ಟ್ ಭಾಷೆ ಬರೆದರು. ಅವರ ನಂತರ, ವರ್ಷಗಳಿಂದ ಪ್ಯಾಚ್ ಕಳಿಸುತ್ತಿದ್ದ ಕ್ರಿಶ್ಚಿಯನ್ ಬ್ರಬಾಂಟ್ ಹೊಣೆ ಹೊತ್ತರು. 2024ರ ಜನವರಿ 2ರಂದು ಬಂದ 9.1 ಆವೃತ್ತಿಯನ್ನು ಬ್ರಾಮ್ ನೆನಪಿಗೆ ಅರ್ಪಿಸಿದರು.

ಹಾಗಂತ ಮನೆಗಳ ನಡುವೆ ಗೋಡೆ ಎದ್ದಿಲ್ಲ. ವಿಮ್‌ನ ಪ್ಯಾಚುಗಳನ್ನು ನಿಯೋವಿಮ್‌ನವರು ಇಂದಿಗೂ ಒಂದೊಂದಾಗಿ ತಮ್ಮ ಕಡೆಗೆ ತರುತ್ತಾರೆ, ಮೇಲೆ 'ವಿಮ್-ಪ್ಯಾಚ್' ಎಂದು ಬರೆದು ಮೂಲದ ಸಂಖ್ಯೆಯನ್ನೂ ಹಾಗೇ ಉಳಿಸುತ್ತಾರೆ. ನಿಯೋವಿಮ್ ಅನ್ನೂ ಫೈಲ್ ಹೆಸರು ಕೊಡದೆ ತೆರೆದರೆ, ಪರದೆಯ ನಡುವೆ ಉಗಾಂಡಾದ ಆ ಸಾಲು.