ಮದುವೆ ಲೈವ್‌ನ ಲಿಂಕ್ ಇದೆ, ವಿಡಿಯೋ ಎಲ್ಲಿದೆ?

'ಸರ್, ನೀವು ಕೊಟ್ಟಿದ್ದ ಯೂಟ್ಯೂಬ್ ಲಿಂಕ್ ಓಪನ್ ಆಗ್ತಿಲ್ಲ.' ಮದುವೆ, ಉಪನಯನದ ಲೈವ್ ಮಾಡುವ ನಮಗೆಲ್ಲ ಇಂಥ ಫೋನ್ ಬರುತ್ತಲೇ ಇರುತ್ತದೆ. ವಾಟ್ಸಾಪ್‌ನಲ್ಲಿ ಲಿಂಕ್ ಇದ್ದರೆ ವಿಡಿಯೋನೇ ಕೈಲಿದೆ ಅಂತ ಜನ ಅಂದುಕೊಂಡಿರುತ್ತಾರೆ. ಲಿಂಕ್ ಬರೀ ವಿಳಾಸ. ವಿಡಿಯೋ ಇರುವುದು ಲೈವ್ ಮಾಡಿದವರ ಚಾನೆಲ್‌ನಲ್ಲಿ. ಅವರು ಅಳಿಸಿದರೆ ಹೋಯಿತು. ಸುಮ್ನೆ 'ಪ್ರೈವೇಟ್' ಮಾಡಿದರೂ ಸಾಕು, ಆ ಲಿಂಕ್‌ನಿಂದ ನಿಮಗೂ ಕಾಣುವುದಿಲ್ಲ, ಅಮೆರಿಕದ ಚಿಕ್ಕಪ್ಪನಿಗೂ ಕಾಣುವುದಿಲ್ಲ. ಆರತಕ್ಷತೆಯಲ್ಲಿ ಡಿಜೆ ಹಾಕಿದ ಸಿನಿಮಾ ಹಾಡಿಗೆ ಹಕ್ಕುದಾರರು ಕ್ಲೇಮ್ ಹಾಕಿ, ವಿಡಿಯೋ ಬ್ಲಾಕ್ ಆಗುವುದೂ ಉಂಟು.

ಲಿಂಕ್ ಅನ್ನು ಒಮ್ಮೆ ಸರಿಯಾಗಿ ನೋಡಿ. ಅದರಲ್ಲಿ 11 ಅಕ್ಷರ, ಅಂಕಿಗಳ ಒಂದು ಸಾಲಿದೆಯಲ್ಲ, ಅದೇ ವಿಡಿಯೋದ ಗುರುತು. ಪ್ರಶ್ನೆ ಚಿಹ್ನೆ ಆದಮೇಲೆ 'ಎಸ್‌ಐ' (si) ಅಂತ ಬರುವ ಬಾಲ ಯೂಟ್ಯೂಬಿನ ಲೆಕ್ಕಕ್ಕೆ, ನಿಮಗಲ್ಲ. ಕತ್ತರಿಸಿದರೂ ವಿಡಿಯೋ ಓಪನ್ ಆಗುತ್ತದೆ. 'ಟಿ' (t) ಅಂತ ಇದ್ದು ಮುಂದೆ ಅಂಕಿ ಇದ್ದರೆ, ವಿಡಿಯೋ ಅಷ್ಟನೇ ಸೆಕೆಂಡಿನಿಂದ ಶುರು. ಮೂರು ಗಂಟೆಯ ಲೈವ್‌ನಲ್ಲಿ ನೇರ ಮಾಂಗಲ್ಯಧಾರಣೆಗೇ ಹೋಗುವ ಲಿಂಕ್ ಕಳಿಸುವುದು ಹೀಗೆ.

ಲಿಂಕ್ ಹಾಕಿದರೆ ಡೌನ್‌ಲೋಡ್ ಮಾಡಿಕೊಡುವ ಸೈಟುಗಳ ಸಹವಾಸ ಬೇಡ. ಯೂಟ್ಯೂಬ್ ನಿಯಮ ಅದನ್ನು ಒಪ್ಪುವುದಿಲ್ಲ, ಅದೊಂದು. ಇನ್ನೊಂದು, ಅಲ್ಲಿನ ದೊಡ್ಡ ಹಸಿರು ಬಟನ್ ಎಷ್ಟೋ ಸಲ ಜಾಹೀರಾತು. ಅನುಮತಿ ಕೇಳುವ 'ಅಲೋ' (Allow) ಒತ್ತಿ ಅನ್ನುತ್ತದೆ, ಎಪಿಕೆ, ಅಂದರೆ ಪ್ಲೇ ಸ್ಟೋರ್ ಹೊರಗಿನ ಆ್ಯಪ್ ಫೈಲ್, ಹಾಕಿಕೊಳ್ಳಿ ಅನ್ನುತ್ತದೆ. ಅಷ್ಟೆಲ್ಲ ಆಗಿ ಕೈಗೆ ಬರುವುದು ಮಸುಕು ಮಸುಕಾದ 360ಪಿ. ಯೂಟ್ಯೂಬಿನಲ್ಲಿ ದೊಡ್ಡ ಗುಣಮಟ್ಟದ ಚಿತ್ರ ಬೇರೆ, ಧ್ವನಿ ಬೇರೆ ಇರುತ್ತವೆ. ಎರಡನ್ನೂ ತಂದು ಜೋಡಿಸುವ ಕೆಲಸವನ್ನು ಆ ಸೈಟುಗಳು ಎಲ್ಲ ಸಲ ಮಾಡುವುದಿಲ್ಲ. ದುಡ್ಡು ಕೊಟ್ಟು ತಗೊಳ್ಳುವ ಯೂಟ್ಯೂಬ್ ಪ್ರೀಮಿಯಂ ಇದ್ದರೆ ಆಯ್ತಲ್ವಾ ಅಂತ ಕೇಳುತ್ತಾರೆ. ಆ ಡೌನ್‌ಲೋಡ್ ಆ್ಯಪ್ ಒಳಗೇ ಇರುತ್ತದೆ, ಪೆನ್‌ಡ್ರೈವ್‌ಗೆ ಬರುವುದಿಲ್ಲ. ಮೂಲ ವಿಡಿಯೋ ಹೋದರೆ ಅದೂ ಹೋಗುತ್ತದೆ.

ಹಾಗಾಗಿ ಲೈವ್ ಮಾಡಿದವರನ್ನೇ ಕೇಳಿ, ಬೇಗ ಕೇಳಿ. ಯೂಟ್ಯೂಬ್ ಸ್ಟುಡಿಯೋದಲ್ಲಿ ಚಾನೆಲ್ ಮಾಲೀಕರಿಗೆ ಡೌನ್‌ಲೋಡ್ ಆಯ್ಕೆ ಇದೆ. ಆದರೆ ಅಲ್ಲಿ ಸಿಗುವುದು ಸಾಮಾನ್ಯವಾಗಿ ಮಧ್ಯಮ ಗುಣಮಟ್ಟದ 720ಪಿ. ಅದಕ್ಕಿಂತ ಒಳ್ಳೆಯದು, ಲೈವ್ ಹೋಗುವಾಗಲೇ ಕಂಪ್ಯೂಟರಿನಲ್ಲಿ ರೆಕಾರ್ಡ್ ಆದ ಫೈಲ್. ಓಬಿಎಸ್ ಎಂಬ ಲೈವ್ ಸಾಫ್ಟ್‌ವೇರ್ ಬಳಸುವವರಿಗೆ ಅದು ಒಂದು ಬಟನ್ ಒತ್ತುವ ಕೆಲಸ. ನಾನು ಎಂಕೆವಿ ಎಂಬ ಫೈಲ್ ಮಾದರಿಯಲ್ಲೇ ರೆಕಾರ್ಡ್ ಮಾಡುತ್ತೇನೆ. ಛತ್ರದಲ್ಲಿ ಕರೆಂಟ್ ಹೋದರೂ ಅಲ್ಲಿವರೆಗಿನದು ಉಳಿಯುತ್ತದೆ, ಎಂಪಿ4 ಆದರೆ ಇಡೀ ಫೈಲೇ ಕೆಡಬಹುದು. ಮುಂಗಡ ಕೊಡುವಾಗಲೇ 'ರೆಕಾರ್ಡಿಂಗ್ ಇರುತ್ತಾ?' ಅಂತ ಕೇಳಿಬಿಡಿ.

ಹಿಂದಿನ ಸಂಜೆಯ ಆರತಕ್ಷತೆಯಿಂದ ಮರುದಿನದ ಮುಹೂರ್ತದವರೆಗೆ ಒಂದೇ ಲೈವ್ ಓಡಿಸುವುದಂತೂ ಬೇಡವೇ ಬೇಡ. 12 ಗಂಟೆಯೊಳಗಿನ ಲೈವ್ ಅನ್ನು ಮಾತ್ರ ಯೂಟ್ಯೂಬ್ ಪೂರ್ತಿ ಉಳಿಸಿಕೊಳ್ಳುತ್ತದೆ.

ಫೈಲ್ ತರಲು ಹೋಗುವಾಗ 32 ಜಿಬಿ ಪೆನ್‌ಡ್ರೈವ್ ಒಯ್ಯಿರಿ. ಸೆಕೆಂಡಿಗೆ 6 ಮೆಗಾಬಿಟ್‌ನಂತೆ ಮೂರು ಗಂಟೆಗೆ ಸುಮಾರು 8 ಜಿಬಿ ಆಗುತ್ತದೆ. ಜಾಗ ಇದ್ದರೂ ಕಾಪಿ ಆಗುತ್ತಿಲ್ಲವೇ? ಪೆನ್‌ಡ್ರೈವ್ ಬಹುಶಃ ಫ್ಯಾಟ್32 ಎಂಬ ಹಳೇ ಫಾರ್ಮ್ಯಾಟ್‌ನಲ್ಲಿದೆ. ಅದರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಯುವುದಿಲ್ಲ. ಒಳಗಿದ್ದುದನ್ನು ಬೇರೆ ಕಡೆ ಇಟ್ಟುಕೊಂಡು ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ. ಮನೆಯ ಹಳೇ ಟಿವಿ ಎಕ್ಸ್‌ಫ್ಯಾಟ್ ಓದದಿದ್ದರೆ, ಎರಡು ಮೂರು ತುಂಡು ಮಾಡಿ ಎಂಪಿ4ನಲ್ಲಿ ಕೊಡಿ ಅಂತ ಲೈವ್ ಮಾಡಿದವರಿಗೇ ಹೇಳಿ.