ಪೊಲೀಸರು ಒಮ್ಮೆ ರೈಡ್ ಮಾಡಿದರೆ ಸಾಕಲ್ಲವೇ?

ಪ್ರಶ್ನೆ: ನಮ್ಮ ಬಡಾವಣೆಯ ಒಂದು ರಸ್ತೆಯಲ್ಲಿ ಕತ್ತಲಾದ ಮೇಲೆ ವೇಶ್ಯಾವಾಟಿಕೆ ನಡೆಯುತ್ತಿದೆ. ದೊಡ್ಡದಾಗಿ ಒಂದು ರೈಡ್ ಮಾಡಿಸಿದರೆ ನಿಂತುಹೋಗುತ್ತದೆಯೇ?

ಉತ್ತರ: ನಿಲ್ಲುತ್ತದೆ, ಕೆಲವು ದಿನ. ಈ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ಸಾಕಾಗಿದೆ, ಆದರೂ ಇನ್ನೊಮ್ಮೆ.

ಸಂತೆಯಿಂದ ನಾಲ್ವರು ವ್ಯಾಪಾರಿಗಳನ್ನು ಎಬ್ಬಿಸಿದರೆ ಸಂತೆ ಮುಚ್ಚುವುದಿಲ್ಲ. ಗಿರಾಕಿಯ ನೆನಪಿನಲ್ಲಿ ಉಳಿಯುವುದು ಜಾಗ, ಹೆಂಗಸಿನ ಹೆಸರಲ್ಲ. ಹಿಡಿದುಕೊಂಡು ಹೋದವಳು ದಂಡ ಕಟ್ಟಬೇಕು. ಆ ದುಡ್ಡು ಎಲ್ಲಿಂದ ಬರಬೇಕು? ಅದೇ ಬೀದಿಯಿಂದ. ಹಾಗಾಗಿ ಮೊದಲಿಗಿಂತ ಎರಡು ಗಂಟೆ ಹೆಚ್ಚು ನಿಲ್ಲುತ್ತಾಳೆ. ಹೆಸರಿನ ಮೇಲೆ ಕೇಸು ಬಿದ್ದರೆ ಬೇರೆ ಕೆಲಸ ಸಿಗುವ ದಾರಿಯೂ ಮುಚ್ಚಿತು. ಇನ್ನೂ ಕೆಟ್ಟ ಪರಿಣಾಮ ಒಂದಿದೆ. ಪೊಲೀಸರ ಭಯಕ್ಕೆ ಅವರು ಗಿರಾಕಿಯನ್ನು ಅಳೆದು ನೋಡುವ ಆ ಒಂದೆರಡು ನಿಮಿಷವನ್ನೂ ಬಿಟ್ಟು ಅವಸರದಲ್ಲಿ ಕಾರು ಹತ್ತುತ್ತಾರೆ. ಹಲ್ಲೆಗಳು ಹೆಚ್ಚುವುದು ಆಗಲೇ, ಮತ್ತು ಹೊಡೆತ ತಿಂದವಳು ದೂರು ಕೊಡಲು ಠಾಣೆಗೆ ಹೋಗುವುದಿಲ್ಲ. ರೈಡ್‌ನಿಂದ ಬೀದಿಗೆ ಸಿಕ್ಕಿದ್ದು ಇಷ್ಟೇ.

ಇದನ್ನು ಹೇಳಿದ ಕೂಡಲೇ ಕೆಲವರು ಇನ್ನೊಂದು ತುದಿಗೆ ಹಾರುತ್ತಾರೆ: ‘ಏನು ಮಾಡಿದರೂ ಪಕ್ಕದ ಬೀದಿಗೆ ಹೋಗುತ್ತಾರೆ, ಬಿಡಿ.’ ಅದೂ ತಪ್ಪು. ಅಮೆರಿಕದ ಜರ್ಸಿ ಸಿಟಿಯಲ್ಲಿ ಇದನ್ನೇ ಪರೀಕ್ಷಿಸಲು ನಡೆಸಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಅಲ್ಲಿ ಪೊಲೀಸರು ಒಮ್ಮೆ ಬಂದು ಹೋಗಿ ಸುಮ್ಮನಾಗಲಿಲ್ಲ, ಬಿಡದೆ ಗಮನ ಇಟ್ಟರು. ದಂಧೆ ಆಸುಪಾಸಿನ ಬೀದಿಗಳಿಗೆ ಅಷ್ಟಾಗಿ ಹರಡಲಿಲ್ಲ. ಗುರುತಿನ ಮೂಲೆ, ಗೊತ್ತಿರುವ ಗಿರಾಕಿ ಬಿಟ್ಟು ಹೊಸ ಜಾಗದಲ್ಲಿ ನಿಲ್ಲುವುದು ಸುಲಭವಲ್ಲ, ಅಲ್ಲಿ ಆಗಲೇ ಬೇರೆಯವರು ನಿಂತಿರುತ್ತಾರೆ. ಲಂಡನ್ನಿನ ಫಿನ್ಸ್‌ಬರಿ ಪಾರ್ಕ್‌ನಲ್ಲಿ 1980ರ ದಶಕದಲ್ಲಿ ಪೊಲೀಸ್ ಕಾವಲಿನ ಜೊತೆಗೆ ಕೆಲವು ರಸ್ತೆಗಳನ್ನೂ ಮುಚ್ಚಿದಾಗ ಕಂಡದ್ದೂ ಹೆಚ್ಚುಕಡಿಮೆ ಇದೇ.

ರಸ್ತೆಗೂ ಇದಕ್ಕೂ ಏನು ಸಂಬಂಧ ಅಂದರೆ, ಗಿರಾಕಿ ಕಾರಿನಲ್ಲಿ ಬಂದು ಸುತ್ತು ಹಾಕುತ್ತಾನೆ. ಬಲಕ್ಕೆ ನಾಲ್ಕು ಸಲ ತಿರುಗಿದರೆ ಮತ್ತೆ ಅದೇ ಮೂಲೆ. ಆ ಸುತ್ತನ್ನು ಒಂದೇ ಒಂದು ಕಡೆ ಕತ್ತರಿಸಿದರೆ ವ್ಯಾಪಾರದ ಅನುಕೂಲವೇ ಹೋಯಿತು. ಒನ್ ವೇ ಮಾಡಿಸಬಹುದು, ಇಲ್ಲವೇ ಒಂದು ತುದಿಗೆ ಬೀಗ ತೆಗೆದು ಮಡಚುವಂಥ ಕಂಬ ಹಾಕಿಸಬಹುದು. ಕಾಂಕ್ರೀಟ್ ಗೋಡೆ ಬೇಡ, ಆಂಬುಲೆನ್ಸು, ಫೈರ್ ಎಂಜಿನ್ನು ಬರಬೇಕು.

ಎಲ್ಲಿ ಕತ್ತರಿಸಬೇಕು ಎಂಬುದು ಗೊತ್ತಾಗಲು ಮೊದಲು ಮೂರು ನಾಲ್ಕು ವಾರ ಬರೆದಿಡಿ: ತಾರೀಕು, ಎಷ್ಟು ಗಂಟೆಯಿಂದ ಎಷ್ಟು ಗಂಟೆ, ಯಾವ ಕಂಬದ ಹತ್ತಿರ, ಏನು ನಡೆಯಿತು. ನಡೆದದ್ದನ್ನು ಬರೆಯಿರಿ, ಯಾರ ಉಡುಪನ್ನೂ ಬರೆಯಬೇಡಿ. ರಾತ್ರಿ ಪಾಳಿ ಮುಗಿಸಿ ಬಸ್ಸಿಗೆ ಕಾಯುವ ನರ್ಸೂ ಅದೇ ಕಂಬದ ಕೆಳಗೆ ನಿಂತಿರುತ್ತಾಳೆ. ಆಮೇಲೆ ನಕ್ಷೆಯಲ್ಲಿ ಮೂರು ಬಣ್ಣ ಹಾಕಿ: ಗಿರಾಕಿಯ ಜೊತೆ ಮಾತುಕತೆ ನಡೆಯುವ ಜಾಗ, ಕಾರು ಸುತ್ತುವ ದಾರಿ, ಕೊನೆಗೆ ಹೋಗಿ ನಿಲ್ಲಿಸುವ ಕತ್ತಲ ಜಾಗ. ಈ ಮೂರೂ ಒಂದೇ ಎಂದುಕೊಂಡು ಎಲ್ಲರೂ ದೀಪ ಹಾಕಿಸುವಾಗ ಎಡವುತ್ತಾರೆ. ಕತ್ತಲ ಜಾಗಕ್ಕೆ ದೀಪ ಬೇಕು, ಖಾಲಿ ಸೈಟಿಗೆ ಬೇಲಿ ಬೇಕು, ಪೊದೆಯನ್ನು ಮಂಡಿಮಟ್ಟಕ್ಕೆ ಕತ್ತರಿಸಬೇಕು. ಮಾತುಕತೆಯ ಮೂಲೆಗೆ ಇನ್ನೊಂದು ದೀಪ ಹಾಕಿಸಿದರೋ, ಅಂಗಡಿಗೆ ಬೋರ್ಡು ಬರೆಸಿಕೊಟ್ಟಂತೆ.

ಕಾನೂನು ದೇಶದಿಂದ ದೇಶಕ್ಕೆ ಬೇರೆ. ಸ್ವೀಡನ್ನಿನಲ್ಲಿ 1999ರಿಂದ ಕೊಳ್ಳುವವನು ಅಪರಾಧಿ, ಮಾರುವವಳಲ್ಲ. ನ್ಯೂಜಿಲೆಂಡ್ 2003ರಲ್ಲಿ ಈ ಕೆಲಸವನ್ನು ಅಪರಾಧದ ಪಟ್ಟಿಯಿಂದಲೇ ತೆಗೆಯಿತು. ದೂರು ಬರೆಯುವ ಮೊದಲು ನಿಮ್ಮಲ್ಲಿ ಯಾವುದು ಅಪರಾಧ ಎಂದು ತಿಳಿದುಕೊಳ್ಳಿ. ಲೈಂಗಿಕ ಕಾರ್ಯಕರ್ತೆಯರ ನಡುವೆ ಕೆಲಸ ಮಾಡುವ ಆರೋಗ್ಯ ಸಂಸ್ಥೆ ಇದ್ದರೆ ಅವರ ಮೂಲಕ ಮಾತನಾಡಿ. ‘ಶಾಲೆಯ ಗೇಟಿನ ಹತ್ತಿರ ಬೇಡ, ರಾತ್ರಿ ಹತ್ತು ಗಂಟೆಗೆ ಮುಂಚೆ ಬೇಡ’ ಎಂಬಂಥ ಒಪ್ಪಂದ ಎಷ್ಟೋ ಸಲ ಬೆದರಿಕೆಗಿಂತ ಚೆನ್ನಾಗಿ ನಡೆಯುತ್ತದೆ. ಅಪ್ರಾಪ್ತ ಹುಡುಗಿ ಕಂಡರೆ, ಯಾರೋ ಬಲವಂತದಿಂದ ನಿಲ್ಲಿಸಿದಂತೆ ಅನ್ನಿಸಿದರೆ ಮಾತ್ರ ಒಪ್ಪಂದದ ಮಾತೇ ಇಲ್ಲ. ಕೂಡಲೇ ಪೊಲೀಸರಿಗೆ ಫೋನ್ ಮಾಡಿ. ನೀವೇ ಬಿಡಿಸಲು ಹೋಗಬೇಡಿ.

ಯಾರೂ ಕೇಳದಿದ್ದರೂ ಇನ್ನೊಂದು ಹೇಳಲೇಬೇಕು. ಬೆಳಿಗ್ಗೆ ಆ ರಸ್ತೆಯ ಕಸ ಗುಡಿಸಲು ಹೊರಡುವ ಉತ್ಸಾಹಿಗಳೇ, ಕಾಂಡೋಮ್‌ಗೆ ಕೈಗವಸು ಸಾಕು, ಸಿರಿಂಜ್ ಬಿದ್ದಿದ್ದರೆ ಇಕ್ಕಳ ಬೇಕು. ಗಟ್ಟಿ ಪ್ಲಾಸ್ಟಿಕ್ ಡಬ್ಬಿಯನ್ನು ಸೂಜಿಯ ಪಕ್ಕಕ್ಕೆ ಒಯ್ದು ನೆಲದ ಮೇಲಿಡಿ, ಸೂಜಿ ಹಿಡಿದುಕೊಂಡು ಡಬ್ಬಿ ಹುಡುಕಬೇಡಿ. ಡಬ್ಬಿಯನ್ನು ಇನ್ನೊಂದು ಕೈಯಲ್ಲಿ ಹಿಡಿಯಲೂ ಬೇಡಿ, ಗುರಿ ತಪ್ಪಿದರೆ ಚುಚ್ಚುವುದು ಆ ಕೈಗೇ. ಸೂಜಿಗೆ ಮುಚ್ಚಳ ತೊಡಿಸಬೇಡಿ. ಡಬ್ಬಿ ಮುಕ್ಕಾಲು ತುಂಬಿದ ಮೇಲೆ ಬಿಗಿಯಾಗಿ ತಿರುಗಿಸಿ ಮುಚ್ಚಿ. ಚುಚ್ಚಿತೋ, ಹಿಂಡಬೇಡಿ, ಬಾಯಲ್ಲಿ ಹೀರಬೇಡಿ. ಹರಿಯುವ ನೀರಿನಲ್ಲಿ ಸೋಪು ಹಚ್ಚಿ ತೊಳೆದು ನೇರ ಆಸ್ಪತ್ರೆಗೆ ಹೋಗಿ. ಎಚ್‌ಐವಿ ತಡೆಯುವ ಔಷಧಿ ಬೇಕೆಂದು ವೈದ್ಯರು ಹೇಳಿದರೆ ಅದು 72 ಗಂಟೆಯೊಳಗೆ ಶುರುವಾಗಬೇಕು, 28 ದಿನ ತಪ್ಪದೆ ನುಂಗಬೇಕು. ನಾಳೆ ನೋಡೋಣ ಅಂದರೆ ಆ 72ರಲ್ಲಿ 24 ಗಂಟೆ ಆಗಲೇ ಹೋಗಿರುತ್ತದೆ.